ಏಳು ದೇವರ ಗೋಡೆ

ಬಾಡಿಗೆಗೆ ಬರುವವರೆಲ್ಲ ಶತಮೂರ್ಖರೆಂಬುದು ಮನೆ ಮಾಲೀಕನ ಖಚಿತ ಅಭಿಪ್ರಾಯ. ಬಚ್ಚಲಿನ ಪೈಪು ಸೋರಿ, ಪಕ್ಕದ ಕೋಣೆಯ ಗೋಡೆಗೆ ಕಪ್ಪು ಬೂಷ್ಟು ಹಿಡಿದಾಗ ಅವನು ಗಾರೆಯವನನ್ನು ಕರೆಸಲಿಲ್ಲ. ಪೇಟೆಯಿಂದ ಏಳು ದೊಡ್ಡ ದೇವರ ಪಟ ತಂದು ಅದರ ಮೇಲೆ ಸಾಲಾಗಿ ನೇತುಹಾಕಿದ. ದೇವರನ್ನು ಸರಿಸಿ ಗೋಡೆ ನೋಡುವ ಧೈರ್ಯ ಯಾವನಿಗಿದೆ?

ಮನೆ ನೋಡಲು ಬಂದ ಹೆಂಗಸು ಬಾಗಿಲಲ್ಲೇ ಹೇಳಿದಳು: "ನನ್ನ ಮಗಳಿಗೆ ಉಬ್ಬಸ. ಗೋಡೆ ತೇವ ಇದ್ರೆ ಈಗಲೇ ಹೇಳ್ಬಿಡಿ."

"ದೇವರಿರೋ ಕೋಣೆ ಕಣಮ್ಮ. ಅಲ್ಲೇ ಮಲಗಿಸಿ, ಉಬ್ಬಸ ತಾನಾಗೇ ಓಡಿಹೋಗುತ್ತೆ."

ಅವಳು ಚಪ್ಪಲಿ ಬಿಟ್ಟು ಒಳಗೆ ಹೋದಳು. ಮೊದಲ ಪಟದ ಎದುರು ಕೈಮುಗಿದು, ಕಣ್ಣುಮುಚ್ಚಿ, ದೀರ್ಘವಾಗಿ ಉಸಿರೆಳೆದುಕೊಂಡಳು. ಆಮೇಲೆ ಎರಡನೆಯದು, ಮೂರನೆಯದು, ಹೀಗೆ ಏಳರ ಎದುರೂ ನಿಂತಳು. ಬಾಗಿಲಿಗೊರಗಿದ್ದ ಮಾಲೀಕನಿಗೆ ನಗು ತಡೆಯುವುದೇ ಕಷ್ಟವಾಯಿತು. ಇಂಥ ಭಕ್ತೆಗೆ ಕೊಟ್ಟಿಗೆಯನ್ನೂ ದೇವಸ್ಥಾನವೆಂದು ಬಾಡಿಗೆಗೆ ಕೊಡಬಹುದು.

"ಏನಮ್ಮಾ ಬೇಡ್ಕೊಂಡ್ರಿ ಅಷ್ಟು ಹೊತ್ತು?"

ಅವಳು ಚಪ್ಪಲಿ ಮೆಟ್ಟಿಕೊಂಡಳು.

"ಬೇಡ್ಕೊಳ್ಳಲಿಲ್ಲ, ಮೂಸಿ ನೋಡ್ದೆ. ಬೂಷ್ಟು ಏಳೂ ಪಟದ ಹಿಂದೆ ಇದೆ. ನೀರು ಸೋರ್ತಿರೋದು ಮಾತ್ರ ಸುಬ್ರಹ್ಮಣ್ಯನ ಹಿಂದೆ."