ಶುಕ್ರವಾರದ ತಿಳಿಸಾರು

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಕೊನೆಯ ವಾರ ಪಾಪನಿವೇದನೆ ಕೇಳಲು ಚರ್ಚಿನಲ್ಲಿ ಇಬ್ಬರು ಗುರುಗಳು ಕೂತಿದ್ದರು. ಚಿಕ್ಕ ಗುರುಗಳು ಒಂದೊಂದು ಪಾಪಕ್ಕೂ ಒಂದೊಂದು ನಿಯಮ ಎತ್ತಿ ತೋರಿಸುವವರು. ಅವರ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಕಿವಿ ಕೇಳದು ಎಂದು ಹೆಸರಾದ ದೊಡ್ಡ ಗುರುಗಳ ಮುಂದೆ ಬಾಗಿಲವರೆಗೂ ಸಾಲು. ಅವರಿಗೆ ಅಡುಗೆ ಮಾಡುವ ರೆಜೀನಮ್ಮನೂ ಆ ಸಾಲಿನಲ್ಲೇ ನಿಂತಳು.

ಸರದಿ ಬಂದಾಗ ಮೊಣಕಾಲೂರಿ ಪಿಸುಗುಟ್ಟಿದಳು: “ಶುಕ್ರವಾರ ಮಾಂಸ ಮುಟ್ಟಬಾರ್ದು ಅಂತ ಗೊತ್ತು ಸ್ವಾಮಿ. ಆದ್ರೂ ನೀವು ಸೊರಗಿ ಹೋದ್ರಲ್ಲ ಅಂತ, ಐದು ಶುಕ್ರವಾರದಿಂದ ನಿಮ್ಮ ತಿಳಿಸಾರಿಗೆ ಕುರಿಮೂಳೆ ಬೇಯ್ಸಿದ ನೀರು ಬೆರೆಸ್ತಿದೀನಿ.”

“ದೇವರು ಎಲ್ಲಾ ಕ್ಷಮಿಸಿದಾನೆ, ಹೋಗಮ್ಮ,” ಎಂದರು ಗುರುಗಳು, ಎಲ್ಲರಿಗೂ ಹೇಳುವ ಹಾಗೆ.

ರೆಜೀನಮ್ಮ ಹಗುರಾಗಿ ಎದ್ದಳು. ಹಿಂದಿನಿಂದ ಪಿಸುದನಿ ಕೇಳಿಸಿತು:

“ಮೂಳೆ ಸರಿಯಾಗೇ ಬೆಂದಿತ್ತು. ಹೋದ್ವಾರ ಮೆಣಸು ಮಾತ್ರ ಒಂಚೂರು ಕಮ್ಮಿಯಾಗಿತ್ತು ಕಣಮ್ಮ.”