ಇನ್ನೆರಡು ಕೈ

ಬಿರುಗಾಳಿಗೆ ರಸ್ತೆಗೆ ಬಿದ್ದು ಒದ್ದಾಡುತ್ತಿದ್ದ ಬೆಳ್ಳಕ್ಕಿಯನ್ನು ಹಿರಿಯ ಸೊಸೆ ಶಾಲಿನಲ್ಲಿ ಸುತ್ತಿ ಎದೆಗವಚಿಕೊಂಡಳು. ಗಾಳಿಪಟದ ದಾರ ಅದರ ರೆಕ್ಕೆಯನ್ನು ಕೊಯ್ದು ಬಿಗಿದಿತ್ತು. ಬಿಡಿಸಲು ಇನ್ನೆರಡು ಕೈ ಬೇಕಿತ್ತು. ಹತ್ತು ಹೆಜ್ಜೆ ಹಿಂದೆ ಓರಗಿತ್ತಿ ನಿಂತಿದ್ದಳು. ಒಂದೇ ಮನೆಯಲ್ಲಿದ್ದರೂ ಇಬ್ಬರಿಗೂ ಎಂಟು ತಿಂಗಳಿಂದ ಮಾತಿರಲಿಲ್ಲ. ಸಂಜೆಯ ವಾಕಿಂಗ್ ಕೂಡ ಹಿಂದೆ ಮುಂದೆ.

“ಬಾರೇ, ದಾರ ಬಿಡಿಸು,” ಎಂದಳು ಹಿರಿಯವಳು.

ಕಿರಿಯವಳು ಓಡಿಬಂದು, ಹಲ್ಲಿನಿಂದ ಕಚ್ಚಿ ಒಂದೊಂದೇ ಸುತ್ತು ಬಿಡಿಸಿದಳು. ನೋವಿಗೆ ಹಕ್ಕಿ ಹಿರಿಯವಳ ಮಣಿಕಟ್ಟನ್ನು ಕುಕ್ಕಿತು.

“ರಕ್ತ ಬರ್ತಿದೆ, ಅಕ್ಕ.”

“ಬರಲಿ ಬಿಡು. ನಿನ್ನ ನಾಲಿಗೆಗಿಂತ ಇದರ ಕೊಕ್ಕೇ ವಾಸಿ.”

ಕಿರಿಯವಳಿಗೆ ನಗು ತಡೆಯಲಾಗಲಿಲ್ಲ. ದಾರ ಕಳಚಿದಾಗ ಹಕ್ಕಿ ರೆಕ್ಕೆ ಬಿಚ್ಚಿ ಮಡಿಚಿತು, ಮೂಳೆ ಮುರಿದಿರಲಿಲ್ಲ.

“ಪ್ರಾಣಿಗಳ ಆಸ್ಪತ್ರೆ ಇನ್ನೂ ತೆಗೆದಿರುತ್ತೆ, ನಡಿ ಅಕ್ಕ,” ಎಂದು ಕಿರಿಯವಳು, ಹಕ್ಕಿಗೆ ಗಾಳಿ ತಾಗದಂತೆ, ಅವಳಿಗೆ ಒತ್ತಿಕೊಂಡೇ ನಡೆದಳು.