ಬೆನ್ನು ತಿರುಗಿಸಿದರೆ ನಿಲ್ಲುವ ವಾಚು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ, ಈ ಕಥೆಯಲ್ಲಿ ಬರುವ ಹಲ್ಲಿನ ಡಾಕ್ಟರನೇ ಸೂಜಿಮದ್ದು ಕೊಡದೆ ನನ್ನ ದವಡೆ ಹಲ್ಲು ಕೀಳಲಿ. ಅವನು ಕಡೆಯವರೆಗೂ ಅಲ್ಲೇ ಇದ್ದ.

ಗಾರ್ಡು ಆ ವಾಚಿನ ಹೊಟ್ಟೆ ಬಗೆದದ್ದು ಅದು ಮೂರನೆಯ ಸಲ. ಬಿಳಿ ಕಾಗದದ ಮೇಲೆ ಚಕ್ರಗಳನ್ನು ಸಾಲಾಗಿ ನಿಲ್ಲಿಸಿ, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಒಂದೊಂದನ್ನೇ ವಿಚಾರಣೆ ಮಾಡಿದ. ಎಲ್ಲವೂ ನಿರಪರಾಧಿಗಳು.

ಅವನು ಗೂಡ್ಸ್ ರೈಲಿನ ಗಾರ್ಡು. ವಾರಕ್ಕೊಮ್ಮೆ ರೈಲಿನ ಜೊತೆ ಹೊರಟರೆ ಮೂರನೆಯ ದಿನ ಮನೆ. ಯಾವ ಹೊತ್ತಿಗೆ ಎಂದು ಕೇಳಬಾರದು, ಗೂಡ್ಸ್ ರೈಲಿಗೂ ಹೊತ್ತಿಗೂ ಎಣ್ಣೆ ಸೀಗೇಕಾಯಿ. ಉಳಿದ ದಿನಗಳಲ್ಲಿ ಸತ್ತ ವಾಚುಗಳಿಗೆ ಜೀವ ಕೊಡುವ ಹುಚ್ಚು. ಆಯುಧಗಳು ಮಾತ್ರ ದೇವರಿಗೇ ಪ್ರೀತಿ: ಮಸೆದ ಹೊಲಿಗೆ ಸೂಜಿ, ಹುಬ್ಬು ಕೀಳುವ ಚಿಮಟ, ಎಣ್ಣೆ ಬಿಡಲು ಚೂಪು ಮಾಡಿದ ಬೆಂಕಿಕಡ್ಡಿ.

ಮಾವ ನಲವತ್ತು ವರ್ಷ ವಾಚು ರಿಪೇರಿ ಮಾಡಿ ಈಗ ಅಂಗಡಿ ಮುಚ್ಚುತ್ತಿದ್ದರು. ಅವರ ಸಾಗುವಾನಿ ಪೆಟ್ಟಿಗೆಯಲ್ಲಿ ಅಂಗೈಯಗಲದ ಲೇತು ಇತ್ತು, ಹುಲ್ಲುಕಡ್ಡಿಗಿಂತ ಸಪೂರದ ಸ್ಕ್ರೂಡ್ರೈವರುಗಳಿದ್ದವು. ಆ ಪೆಟ್ಟಿಗೆಯ ಮೇಲೆ ಇಬ್ಬರು ಅಳಿಯಂದಿರಿಗೂ ಕಣ್ಣು. ಇನ್ನೊಬ್ಬ ಅಳಿಯನೇ ಹಲ್ಲಿನ ಡಾಕ್ಟರ್, ಗಾರ್ಡಿನ ಷಡ್ಡಕ.

ತಿಂಗಳ ಮೊದಲ ವಾರ ಮಾವ ತಮ್ಮದೇ ಹದಿನೇಳು ಕಲ್ಲಿನ, ದಿನಾ ಕೀ ಕೊಡುವ ವಾಚು ತಂದು ಗಾರ್ಡಿನ ಕೈಗಿಟ್ಟರು. ಅದು ಉಸಿರಾಡಿ ಹತ್ತು ವರ್ಷವಾಗಿತ್ತು.

"ಈ ತಿಂಗಳ ಕೊನೇ ಶನಿವಾರದೊಳಗೆ ಇದನ್ನ ಏಳು ದಿನ ನಿಲ್ದಂಗೆ ಓಡಿಸಿ. ಪೆಟ್ಟಿಗೆ ನಿಮ್ದು. ಆಗ್ಲಿಲ್ವಾ, ದೊಡ್ಡ ಅಳಿಯಂದ್ರದ್ದು."

"ಕೊಡಿ ಕೊಡಿ, ಹಲ್ಲುಸೆಟ್ಟು ಉಜ್ಜೋಕೆ ನನಗೂ ಒಂದು ಲೇತು ಬೇಕಿತ್ತು," ಎಂದ ಷಡ್ಡಕ, ಆಗಲೇ ಪೆಟ್ಟಿಗೆ ಮನೆ ಸೇರಿತೆಂಬಂತೆ.

ಗಾರ್ಡು ತುಕ್ಕು ತೆಗೆದ, ಮುರಿದ ಚಕ್ರ ಬದಲಾಯಿಸಿದ. ವಾಚು ಓಡಿತು. ಡ್ಯೂಟಿಗೆ ಹೊರಟ ಬೆಳಿಗ್ಗೆ ಹೊಸ್ತಿಲಲ್ಲಿ ನಿಂತು ಹೆಂಡತಿಗೆ ಹೇಳಿದ, "ನಾಳೆ, ನಾಡಿದ್ದು ಆಫೀಸಿಗೆ ಹೊರಡೋ ಮುಂಚೆ ಕೀ ಕೊಡೋದು ಮರೀಬೇಡ."

"ನನಗೆ ಹೇಳ್ಕೊಡ್ತೀರಾ? ಯಾವತ್ತಾದ್ರೂ ಮರ್ತಿದ್ದೀನಾ?"

ಗಾರ್ಡು ನಾಲಿಗೆ ಕಚ್ಚಿಕೊಂಡ. ವಾಚಿನವರ ಮಗಳಿಗೆ ಕೀ ಕೊಡುವುದನ್ನು ಕಲಿಸುವುದೆಂದರೆ ಮೀನಿಗೆ ಈಜು ಹೇಳಿಕೊಟ್ಟಂತೆ.

ಮೂರನೆಯ ದಿನ ಮಧ್ಯಾಹ್ನ ಬಂದವನು, ಕೆಳಮನೆಯ ಟೈಲರಿಂದ ಬೀಗದಕೈ ಇಸಿದುಕೊಂಡು, ಬೂಟನ್ನೂ ಬಿಚ್ಚದೆ ಮೇಜಿಗೆ ಓಡಿದ. ವಾಚು ನಿಂತಿತ್ತು. ತಿರುಪಿ ನೋಡಿದರೆ ಸ್ಪ್ರಿಂಗು ಪೂರಾ ಸಡಿಲ. ನಾಲ್ಕು ಸುತ್ತು ಕೊಟ್ಟದ್ದೇ ತಡ, ಏನೂ ಆಗಿಲ್ಲವೆಂಬಂತೆ ಟಕಟಕ ಶುರು.

ಹೆಂಡತಿ ಅಂಚೆ ಕಚೇರಿಯಿಂದ ಬರುವಷ್ಟರಲ್ಲಿ ಅವನ ಮುಖ ಇಂಗು ತಿಂದ ಮಂಗನದಾಗಿತ್ತು.

"ಯಾರಾದ್ರೂ ಇದನ್ನ ಎತ್ತಿ ಬೀಳಿಸಿದ್ರಾ?"

"ನಿಮ್ಮ ಮೇಜಿನ ಹತ್ರ ಸುಳಿಯೋ ಧೈರ್ಯ ಈ ಮನೇಲಿ ಯಾರಿಗಿದೆ?"

"ಕೀ ಕೊಟ್ಟೆ ತಾನೆ?"

"ಎರಡು ದಿನಾನೂ ಕೊಟ್ಟೆ ರೀ!"

ಕೀ ಕೊಟ್ಟೂ ಸಡಿಲವೆಂದರೆ ಸ್ಪ್ರಿಂಗು ಒಳಗೇ ಜಾರುತ್ತಿದೆ. ಹೊಸ ಸ್ಪ್ರಿಂಗು ಹಾಕಿದ. ಅವನು ಎದುರಿಗಿದ್ದಷ್ಟು ದಿನ ವಾಚು ಸಂಭಾವಿತ. ಮತ್ತೆ ಡ್ಯೂಟಿ. ಈ ಸಲ ನಡುವಿನ ಸ್ಟೇಷನ್ನಿನಿಂದ ಫೋನು ಮಾಡಿದ.

"ಕೀ ಕೊಟ್ಯಾ?"

"ಕೊಟ್ಟೆ, ಕೊಟ್ಟೆ, ಕೊಟ್ಟೆ. ಇಲ್ಲಿ ಮಾರುದ್ದ ಕ್ಯೂ ಇದೆ, ಇಡಿ ಫೋನು."

ತಿರುಗಿ ಬಂದರೆ ವಾಚು ಹೆಣ.

ಆಗಲೇ ಅವನು ಮೂರನೆಯ ಸಲ ಅದರ ಹೊಟ್ಟೆ ಬಗೆದದ್ದು. ಏನೂ ಸಿಗಲಿಲ್ಲ. ಫ್ರಿಜ್ಜಿನ ಬಾಗಿಲಿನ ಆಯಸ್ಕಾಂತದ ಮೇಲೆ ಅನುಮಾನ ಬಂತು. ಫ್ರಿಜ್ಜನ್ನು ಬಚ್ಚಲಮನೆಯ ಪಕ್ಕಕ್ಕೆ ದಬ್ಬಿದ. ಷಡ್ಡಕನ ಮೇಲೆ ಅನುಮಾನ ಬಂತು. ಕೆಳಗಿಳಿದು ಟೈಲರಿಗೆ ಅಡ್ಡಪ್ರಶ್ನೆ ಹಾಕಿದ.

"ನಮ್ಮ ಡಾಕ್ಟರ್ ಏನಾದ್ರೂ ಬಂದು ಬಾಗಿಲು ತೆಗೆಸಿದ್ನಾ?"

"ನಿಮ್ಮನ್ ಬಿಟ್ಟು ಬೇರೆ ನರಪಿಳ್ಳೆ ಕೈಗೂ ನಾನು ಬೀಗದಕೈ ಕೊಟ್ಟಿಲ್ಲ ಸಾರ್," ಎಂದ ಟೈಲರ್, ಬಾಯಲ್ಲಿದ್ದ ಗುಂಡುಸೂಜಿ ತೆಗೆದು. "ಅಲ್ಲಾ, ಒಂದು ವಾಚಿಗೆ ಇಷ್ಟೊಂದು ಸೊರಗೋದಾ?"

ವಾಚನ್ನು ಮತ್ತೆ ಜೋಡಿಸಿದ. ಏಳು ದಿನದ ಕೊನೆಯ ಓಟ ಶುರುವಾಯಿತು. ಕೊನೆಯ ಮೂರು ದಿನಕ್ಕೆ ಡ್ಯೂಟಿ ಬಂದೇ ಬಂತು. ಗಾರ್ಡು ಎರಡು ದಿನವೂ ಫೋನು ಮಾಡಿ ಕೇಳಿದ. ಎರಡು ದಿನವೂ ಅದೇ ಉತ್ತರ, ಎರಡನೆಯದರಲ್ಲಿ ಹಲ್ಲು ಕಡಿಯುವ ಸದ್ದು ಬೇರೆ.

ಶನಿವಾರ ಸಂಜೆ ಮನೆ ಮುಟ್ಟುವಾಗ ಬಾಗಿಲು ತೆರೆದೇ ಇತ್ತು. ಒಳಗೆ ಹೆಂಡತಿ, ಷಡ್ಡಕ, ಮಾವ, ಪೆಟ್ಟಿಗೆ. ಮಾವನ ಅಂಗೈಯಲ್ಲಿ ವಾಚು, ತುಟಿಪಿಟಕ್ ಎನ್ನದೆ.

ಗಾರ್ಡು ಡ್ಯೂಟಿ ಚೀಲ ಬದಿಗೆಸೆದು ಮಾವನ ಎದುರು ಕೂತ. ಒಂದು ತಿಂಗಳು, ಮೂರು ಸಲ ಬಿಚ್ಚಿದ್ದು, ಕಣ್ಣು ಕೆಂಡವಾದದ್ದು, ಎಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾಯಿತು.

"ಮಾವ, ಸ್ಪ್ರಿಂಗು ಹೊಸದೇ. ಆದ್ರೂ ಜಾರ್ತಿದೆ ಅಂದ್ರೆ ಅದು ಕೂರೋ ಡಬ್ಬಿಯ ಒಳಗೋಡೇನೇ ಸವೆದು, ಅದರ ಅಂಚು..."

ಮಾವ ವಾಚು ತಿರುಪಿ ಕಿವಿಗೆ ಹಿಡಿದರು. "ಇದಕ್ಕೆ ಯಾವ ಕಾಯಿಲೇನೂ ಇಲ್ಲ. ಹೊಟ್ಟೆಗಿಲ್ದೆ ಬಿದ್ದಿತ್ತು ಅಷ್ಟೆ," ಎಂದವರೇ ಪೆಟ್ಟಿಗೆಯನ್ನು ಡಾಕ್ಟರನ ತೊಡೆಯ ಮೇಲಿಟ್ಟು, ಗಾರ್ಡಿನ ಮಾತು ಇನ್ನೂ ಅಂಚಿನಲ್ಲಿರುವಾಗಲೇ, ಚಪ್ಪಲಿ ಮೆಟ್ಟಿ ಹೊರಟುಹೋದರು.

ಗಾರ್ಡು ಹೆಂಡತಿಯತ್ತ ತಿರುಗಿದ. "ಕೀ ಕೊಟ್ಟೆ ಅಂದ್ಯಲ್ಲೇ! ದಿನಾ ಕೊಟ್ಟೆ ಅಂದ್ಯಲ್ಲೇ!"

"ದಿನಾ ಕೊಟ್ಟಿದ್ದೀನ್ರೀ, ಟೈಲರ್ ಕೈಗೆ! ಕೊಡ್ದೆ ಹೋಗಿದ್ರೆ ನೀವು ಮನೆಯೊಳಗೆ ಹೇಗ್ ಬರ್ತಿದ್ರಿ?"